ಲೋಡಿಗೆ ಸ್ಪ್ರಿಂಗು, ಬೆನ್ನಿಗೆ ಹಲಗೆ: ಪಿಕಪ್ ಸೀಟಿನ ನೂರು ವರ್ಷ

1/10

ಪಿಕಪ್ ಗಾಡಿ ಕಂಡ ಕೂಡಲೇ ನಾವು ಕೇಳೋ ಪ್ರಶ್ನೆಗಳು ಗೊತ್ತೇ ಇವೆ. ಎಷ್ಟು ಲೋಡ್ ಹೊರುತ್ತೆ? ಮೈಲೇಜ್ ಎಷ್ಟು? ಘಾಟ್ ಹತ್ತುತ್ತಾ? ಸೀಟ್ ಹೇಗಿದೆ ಅಂತ ಕೇಳೋರು ತೀರಾ ಕಮ್ಮಿ. ಆದ್ರೆ ಆ ಗಾಡೀಲಿ ದಿನಕ್ಕೆ ಹತ್ತು ಗಂಟೆ ಕೂರೋ ಮನುಷ್ಯನಿಗೆ ಎಂಜಿನ್ನಿಗಿಂತ ಹತ್ತಿರದ್ದು ಯಾವುದು ಹೇಳಿ? ಸೀಟೇ.

ಈ ಸಲದ ಸರಣಿ ಅದರ ಬಗ್ಗೆ. ಪಿಕಪ್ ಹುಟ್ಟಿ ಬೆಳೆದದ್ದು ಅಮೆರಿಕಾದಲ್ಲಿ. ಕಂಪನಿ ಕೊಟ್ಟ ಸೀಟನ್ನು ಬಿಚ್ಚಿ ಹಾಕಿ, ಹೊರಗಿನಿಂದ ಬೇರೆ ಸೀಟು ತಂದು ಕೂರಿಸೋ ಅಭ್ಯಾಸ ದೊಡ್ಡದಾಗಿ ಬೆಳೆದದ್ದೂ ಅಲ್ಲೇ. ಅದಕ್ಕೇ ಮೊದಲ ಎಂಟು ಪೋಸ್ಟ್ ಹೆಚ್ಚುಪಾಲು ಆ ದೇಶದ ಕಥೆ. ಒಂಬತ್ತನೇದಕ್ಕೆ ನಮ್ಮ ರಸ್ತೆಗೆ ಬರೋಣ.

ಓದ್ತಾ ಒಂದು ಪ್ರಶ್ನೆ ತಲೇಲಿ ಇಟ್ಕೊಳ್ಳಿ. ಗಾಡಿ ಮಾಡಿದವರು ಸೀಟನ್ನು ಯಾಕೆ ಕೊನೆಗೆ ಬಿಟ್ಟರು? ಅದನ್ನ ಸರಿಮಾಡಿದ್ದು ಯಾರ ದುಡ್ಡು? ಸೀಟಿನ ಇತಿಹಾಸ ಅಂದ್ರೆ ಫೋಮು, ರೆಕ್ಸಿನ್ನಿನ ಇತಿಹಾಸ ಅಂದ್ಕೊಂಡು ಓದೋಕೆ ಕೂತವನು ನಾನು. ಓದ್ತಾ ಓದ್ತಾ ಅದು ಯಾರ ಬೆನ್ನಿಗೆ ಎಷ್ಟು ಬೆಲೆ ಅನ್ನೋ ಇತಿಹಾಸ ಆಯ್ತು.

ಸ್ವೈಪ್ ಮಾಡಿ.

2/10: ಸೀಟಿನ ಕೆಳಗೆ ಪೆಟ್ರೋಲು

1925ರ ಏಪ್ರಿಲ್ 15. ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಉಕ್ಕಿನ ಪೆಟ್ಟಿಗೆ ಕೂರಿಸಿ, ಕಾರ್ಖಾನೆಯಲ್ಲೇ ತಯಾರಾದ ಪಿಕಪ್ ಅಂತ ಮಾರೋಕೆ ಶುರು ಮಾಡಿತು. ಬೆಲೆ 281 ಡಾಲರ್. ಪೆಟ್ಟಿಗೆ ಉದ್ದ 56 ಇಂಚು, ಅಂದ್ರೆ ಐದು ಅಡಿಗೂ ಸ್ವಲ್ಪ ಕಮ್ಮಿ.

ಇಲ್ಲಿ ಒಂದು ವಿಷಯ ಗಮನಿಸಿ. ಇಂಥ ಗಾಡಿ ಬೇಕು ಅನ್ನೋ ಯೋಚನೆ ಕಂಪನಿಗೆ ಸುಮ್ನೆ ಹೊಳೆದದ್ದಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲೇ ಅಮೆರಿಕಾದ ರೈತರು, ಅಂಗಡಿಯವರು ಕಾರಿನ ಹಿಂಭಾಗ ಕತ್ತರಿಸಿ ಮರದ ಪೆಟ್ಟಿಗೆ ಕಟ್ಟಿಸ್ತಿದ್ರು. ಊರೂರಿನ ಬಡಗಿಗಳು, ಕಮ್ಮಾರರು, ಸಣ್ಣಪುಟ್ಟ ಬಾಡಿ ಕಾರ್ಖಾನೆಗಳು ಇದನ್ನೇ ಕಸುಬು ಮಾಡ್ಕೊಂಡಿದ್ರು. 1917ರಲ್ಲಿ ಫೋರ್ಡ್ ತಂದ ಒಂದು ಟನ್ನಿನ ಮಾಡೆಲ್ ಟಿಟಿ ಕೂಡ ಮೊದಲು ಬರೀ ಚಾಸಿಸ್ ಆಗಿಯೇ ಬಂತು, ಮೇಲಿನದ್ದನ್ನೆಲ್ಲ ಕೊಂಡವರೇ ಕಟ್ಟಿಸ್ಕೋಬೇಕಿತ್ತು. ಹಾಗಾಗಿ ಹೊರಗಿನಿಂದ ತಂದು ಜೋಡಿಸೋದು ಪಿಕಪ್ಪಿಗೆ ಆಮೇಲೆ ಅಂಟಿದ ಚಟ ಅಲ್ಲ. ಪಿಕಪ್ ಹುಟ್ಟಿದ್ದೇ ಹಾಗೆ.

ಇನ್ನು ಸೀಟು. 1925ರ ಆ ಪಿಕಪ್ಪಿನಲ್ಲಿ ಪೆಟ್ರೋಲ್ ಟ್ಯಾಂಕು ಇದ್ದದ್ದು ಸೀಟಿನ ಕೆಳಗೆ. ಪೆಟ್ರೋಲ್ ಹಾಕಿಸ್ಬೇಕು ಅಂದ್ರೆ ಡ್ರೈವರ್ ಇಳೀಬೇಕು, ಕುಶನ್ ಎತ್ತಬೇಕು, ಮುಚ್ಚಳ ತೆಗೀಬೇಕು. ಎಷ್ಟಿದೆ ಅಂತ ತಿಳಿಯೋಕೆ ಒಂದು ಕಡ್ಡಿ ಇಳಿಸಿ ನೋಡೋದು. ಪೆಟ್ರೋಲು ಎಂಜಿನ್ನಿಗೆ ಇಳಿಜಾರಿನಲ್ಲಿ ತಾನಾಗೇ ಹರಿದು ಹೋಗ್ಬೇಕಿತ್ತು, ಪಂಪ್ ಇರ್ಲಿಲ್ಲ. ಟ್ಯಾಂಕ್ ಅರ್ಧ ಖಾಲಿಯಾಗಿದ್ರೆ ಕಡಿದಾದ ಏರು ಹತ್ತುವಾಗ ಎಂಜಿನ್ ಬಾಯಾರಿ ನಿಲ್ಲೋದು. ಜನ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತಿಸ್ತಿದ್ರು!

ಆ ಸೀಟು ಒಂದು ಟ್ಯಾಂಕಿನ ಮುಚ್ಚಳ. ಮನುಷ್ಯ ಅದರ ಮೇಲೆ ಕೂತ, ಅಷ್ಟೇ.

3/10: ಖಾಲಿ ಗಾಡಿ ಯಾಕೆ ಕುಣಿಯುತ್ತೆ?

ಸ್ವಲ್ಪ ವಿಜ್ಞಾನ. ಹೆದರಬೇಡಿ, ಪರೀಕ್ಷೆಗೆ ಬರಲ್ಲ.

ಪಿಕಪ್ಪಿನ ಹಿಂದಿನ ಚಕ್ರದ ಮೇಲೆ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಇರುತ್ತೆ. ಅದರ ಲೆಕ್ಕ ಹಾಕೋದು ತುಂಬಿದ ಲೋಡಿಗೆ. ಅರ್ಧ ಟನ್ ಸಿಮೆಂಟ್ ಹೇರಿದಾಗ ಗಾಡಿ ಹಿತವಾಗಿ ಓಡುತ್ತೆ. ಅದೇ ಗಾಡಿ ಖಾಲಿ ವಾಪಸ್ ಬರುವಾಗ ಆ ಸ್ಪ್ರಿಂಗು ಬಗ್ಗೋದೇ ಇಲ್ಲ. ರಸ್ತೆಯ ಪ್ರತಿ ಗುಂಡಿ, ಪ್ರತಿ ಹಂಪು ನೇರ ಕ್ಯಾಬಿನ್ನಿಗೆ ಬರುತ್ತೆ. ಉಳಿದಿರೋದು ಸೀಟೊಂದೇ. ಕೊನೆಯ ಸ್ಪ್ರಿಂಗ್ ಅದೇ. ಅದೂ ಕೈಕೊಟ್ರೆ ಆಮೇಲೆ ನಿಮ್ಮ ಬೆನ್ನುಮೂಳೆಯೇ ಸ್ಪ್ರಿಂಗು.

ಕೂತ ಮನುಷ್ಯನ ದೇಹ ಮೇಲೆ ಕೆಳಗೆ ಅಲುಗುವಾಗ, ಸೆಕೆಂಡಿಗೆ 4ರಿಂದ 8 ಸಲದ ಕಂಪನ ಅದಕ್ಕೆ ತುಂಬಾ ತಾಗುತ್ತೆ. ಆ ವೇಗದಲ್ಲಿ ದೇಹವೇ ಕಂಪನಕ್ಕೆ ತಾಳ ಹಾಕೋಕೆ ಶುರು ಮಾಡುತ್ತೆ, ಉಯ್ಯಾಲೆಯನ್ನ ಸರಿಯಾದ ಹೊತ್ತಿಗೆ ತಳ್ಳಿದ್ರೆ ಇನ್ನೂ ಮೇಲೆ ಹೋಗುತ್ತಲ್ಲ, ಹಾಗೆ. ಯಾವ ಕಂಪನ ಎಷ್ಟಾದ್ರೆ ಪ್ರಯಾಣಿಕನಿಗೆ ಹಿತ, ಎಷ್ಟಾದ್ರೆ ಹಿಂಸೆ ಅಂತ ಅಮೆರಿಕಾದ ಎಂಜಿನಿಯರ್ ಆರ್. ಎನ್. ಜೇನ್‌ವೇ 1940ರ ದಶಕದಲ್ಲೇ ಮಿತಿಗಳನ್ನ ಲೆಕ್ಕ ಹಾಕಿದ್ರು. ಅಂದ್ರೆ ವಿಷಯ ಗೊತ್ತಿರಲಿಲ್ಲ ಅಂತಲ್ಲ.

ಇನ್ನೊಂದು ಮಾತು. ಮೆತ್ತಗಿರೋದೆಲ್ಲ ಒಳ್ಳೆ ಸೀಟಲ್ಲ. ಹಳೇ ಬೆಂಚ್ ಸೀಟಿನೊಳಗೆ ಸುರುಳಿ ಸ್ಪ್ರಿಂಗ್, ಅದರ ಮೇಲೆ ಗೋಣಿಬಟ್ಟೆ, ಅದರ ಮೇಲೆ ಹತ್ತಿಯೋ ಕುದುರೆ ಕೂದಲೋ ಇರ್ತಿತ್ತು. ಕೂತ ತಕ್ಷಣ ಆಹಾ ಅನ್ಸುತ್ತೆ. ಆದ್ರೆ ಬರೀ ಸ್ಪ್ರಿಂಗು ಕುಣಿತವನ್ನ ತಡೆಯಲ್ಲ, ಕೆಲವೊಮ್ಮೆ ಹೆಚ್ಚಿಸುತ್ತೆ. ಗುಂಡಿ ದಾಟಿದ ಮೇಲೂ ನೀವು ಮೇಲೆ ಕೆಳಗೆ ಆಡ್ತಾನೇ ಇರ್ತೀರಿ.

4/10: ಬೆನ್ನ ಹಿಂದೆ ಟ್ಯಾಂಕು

ಎರಡನೇ ಮಹಾಯುದ್ಧ ಮುಗೀತು. 1948ಕ್ಕೆ ಫೋರ್ಡ್ ತನ್ನ ಎಫ್ ಸರಣಿಯ ಟ್ರಕ್ಕುಗಳನ್ನ ತಂದಿತು. ಜಾಹೀರಾತಿನಲ್ಲಿ ಕೊಚ್ಚಿಕೊಂಡದ್ದು ಯಾವುದರ ಬಗ್ಗೆ ಗೊತ್ತಾ? ಕ್ಯಾಬಿನ್ ಬಗ್ಗೆ. ಹತ್ತು ಲಕ್ಷ ಡಾಲರ್ ಖರ್ಚಿನ ಕ್ಯಾಬ್ ಅಂತ ಅದಕ್ಕೆ ಹೆಸರು ಕೊಟ್ರು. ಡ್ರೈವರ್ ಅನ್ನೋ ಮನುಷ್ಯ ಮಾರಾಟದ ಮಾತಾದ. ಒಳ್ಳೇದೇ.

ಆದ್ರೆ ಸೀಟು ಮಾತ್ರ ಇನ್ನೂ ಒಂದೇ ಉದ್ದ ಬೆಂಚು. ಅದಕ್ಕೆ ಕಾರಣಗಳೂ ಇದ್ವು. ಮೂರು ಜನ ಕೂರಬಹುದು. ಮಾಡೋಕೆ ಅಗ್ಗ. ಮಣ್ಣಾದ್ರೆ ಒದ್ದೆ ಬಟ್ಟೇಲಿ ಒರೆಸಿದ್ರೆ ಆಯ್ತು. ರೈತನಿಗೆ ಇಷ್ಟು ಸಾಕು ಅನ್ನೋ ನಂಬಿಕೆ.

ಇದರ ಜೊತೆ ಇನ್ನೊಂದು ಕಾರಣ, ಹೊರಗೆ ಕಾಣದ್ದು. ಸೀಟಿನ ಕೆಳಗಿದ್ದ ಟ್ಯಾಂಕು ಆಮೇಲೆ ಸೀಟಿನ ಹಿಂದಕ್ಕೆ ಹೋಯ್ತು, ಅದೂ ಕ್ಯಾಬಿನ್ನಿನ ಒಳಗೇ! 1970ರ ದಶಕ ಶುರುವಾಗೋವರೆಗೂ ಫೋರ್ಡ್, ಷೆವರ್ಲೆ ಎರಡರ ಪಿಕಪ್ಪುಗಳಲ್ಲೂ ಇದು ಸಾಮಾನ್ಯ. ಒರಗೋ ಹಲಗೆಗೂ ಹಿಂದಿನ ಗಾಜಿಗೂ ನಡುವೆ ಹತ್ತಾರು ಲೀಟರ್ ಪೆಟ್ರೋಲಿನ ತಗಡಿನ ಡಬ್ಬ. ಹಾಗಿರುವಾಗ ಸೀಟನ್ನ ಹಿಂದಕ್ಕೆ ಬಾಗಿಸೋದು ಎಲ್ಲಿಗೆ? ಉದ್ದ ಕಾಲಿನವರು ಹಿಂದೆ ಸರಿಯೋದು ಎಲ್ಲಿಗೆ? ಡ್ರೈವರ್ ನೆಟ್ಟಗೆ ಕೂತ. ಯಾಕಂದ್ರೆ ಬೇರೆ ಜಾಗವೇ ಇರ್ಲಿಲ್ಲ.

1973ರ ಹೊಸ ಮಾದರಿಯಲ್ಲಿ ಜನರಲ್ ಮೋಟರ್ಸ್ ಟ್ಯಾಂಕನ್ನ ಕ್ಯಾಬಿನ್ನಿನಿಂದ ಹೊರಗೆ ಹಾಕಿ, ಚಾಸಿಸ್ಸಿನ ಪಕ್ಕದಲ್ಲಿ ಕೂರಿಸಿತು. ಆ ಜಾಗವೂ ಪಕ್ಕದಿಂದ ಗುದ್ದಿದಾಗ ಬೆಂಕಿ ಹೊತ್ತೋ ಅಪಾಯದ ಬಗ್ಗೆ ಮುಂದೆ ದೊಡ್ಡ ವಿವಾದವಾಯ್ತು, ಅದು ಬೇರೆಯೇ ಕಥೆ. ಸೀಟಿನ ಮಟ್ಟಿಗೆ ನೋಡಿದ್ರೆ, ಬೆನ್ನಿನ ಹಿಂದೆ ಒಂದಿಷ್ಟು ಖಾಲಿ ಜಾಗ ಸಿಕ್ಕಿತು. ಆ ಜಾಗ ಸಿಕ್ಕಿದ್ದೇ ತಡ, ಜನ ಸುಮ್ನಿರಲಿಲ್ಲ.

5/10: ಗುಜರಿಯ ಸೀಟು, ಗಡಿಯಾಚೆಯ ಹೊಲಿಗೆ

ನಿಜ ಹೇಳ್ಬೇಕಂದ್ರೆ ಅದಕ್ಕೂ ಮೊದಲೇ ಜನ ಸುಮ್ನಿರಲಿಲ್ಲ. ಎಲ್ಲಕ್ಕಿಂತ ಅಗ್ಗದ ಅಪ್‌ಗ್ರೇಡ್ ಒಂದು ಕಂಬಳಿ. ಬಿಸಿಲಿಗೆ ಕಾದ ರೆಕ್ಸಿನ್ ಮೇಲೆ ಹಾಸಿದ ಮೆಕ್ಸಿಕೋದ ಪಟ್ಟೆ ಪಟ್ಟೆ ಕಂಬಳಿ ಹಳೇ ಪಿಕಪ್ಪಿನ ಗುರುತೇ ಆಗಿಬಿಡ್ತು.

ಎರಡನೇದು ಹೊಲಿಗೆ. 1950, 60ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಗಡಿ ದಾಟಿ ಮೆಕ್ಸಿಕೋದ ಟಿಹುವಾನಾ ಊರಿಗೆ ಗಾಡಿ ಓಡಿಸ್ಕೊಂಡು ಹೋಗ್ತಿದ್ರು. ಅಲ್ಲಿನ ಸೀಟು ಹೊಲಿಯೋ ಅಂಗಡಿಗಳಲ್ಲಿ 'ಟಕ್ ಅಂಡ್ ರೋಲ್' ಅನ್ನೋ ಕೆಲಸ ಮಾಡಿಸೋಕೆ. ರೆಕ್ಸಿನ್ನನ್ನ ಉದ್ದುದ್ದ ಪಟ್ಟಿಗಳಾಗಿ ಮಡಿಸಿ ಹೊಲಿದು, ಒಂದೊಂದು ಪಟ್ಟಿಯೊಳಗೂ ಹತ್ತಿಯೋ ಫೋಮೋ ತುಂಬೋದು. ಉತ್ತ ಹೊಲದ ಸಾಲುಗಳ ಹಾಗೆ ಕಾಣುತ್ತೆ. ಅಮೆರಿಕಾದ ಅಂಗಡಿಗಿಂತ ಬಹಳ ಅಗ್ಗ, ಕೆಲಸವೂ ಬೇಗ.

ಮೂರನೇದು ಗುಜರಿ. ಅಪಘಾತವಾಗಿ ಮೂಲೆಗೆ ಬಿದ್ದ ಕಾರುಗಳಿಂದ ಒಂಟಿ ಒಂಟಿ ಬಕೆಟ್ ಸೀಟುಗಳನ್ನ ಬಿಚ್ಚಿ ತಂದು, ಕಬ್ಬಿಣದ ಪಟ್ಟಿ ಕತ್ತರಿಸಿ ಕಾಲು ಮಾಡಿ, ಪಿಕಪ್ಪಿನ ನೆಲಕ್ಕೆ ಬೋಲ್ಟ್ ಹಾಕೋದು.

ಕಂಪನಿಗಳು ಇದನ್ನೆಲ್ಲ ನೋಡ್ತಾ ಇದ್ವು. 1964ರಲ್ಲಿ ಡಾಡ್ಜ್ ಕಂಪನಿ 'ಕಸ್ಟಮ್ ಸ್ಪೋರ್ಟ್ಸ್ ಸ್ಪೆಷಲ್' ಅಂತ ಒಂದು ಪಿಕಪ್ ತಂತು: ಎರಡು ಬಕೆಟ್ ಸೀಟು, ನಡುವೆ ಕನ್ಸೋಲು, ಕಾರ್ಪೆಟ್ಟು. 1967ರಲ್ಲಿ ಷೆವರ್ಲೆ ತನ್ನ 'ಕಸ್ಟಮ್ ಸ್ಪೋರ್ಟ್ ಟ್ರಕ್' ಮಾದರಿಗೆ ಬಕೆಟ್ ಸೀಟನ್ನ ಹೆಚ್ಚುವರಿ ದುಡ್ಡಿಗೆ ಕೊಡೋಕೆ ಶುರು ಮಾಡ್ತು.

ಕ್ರಮ ನೋಡಿದ್ರಾ? ಮೊದಲು ಜನ ತಾವೇ ಮಾಡ್ಕೊಂಡ್ರು. ಆಮೇಲೆ ಕಂಪನಿ ಅದನ್ನ ಆಪ್ಷನ್ ಮಾಡಿ ಮಾರಿತು. 1925ರಲ್ಲಿ ಪೆಟ್ಟಿಗೆ ವಿಷಯದಲ್ಲಿ ಆದದ್ದೇ ಸೀಟಿನ ವಿಷಯದಲ್ಲೂ ಆಯ್ತು. ಮತ್ತೆ ಅದು ಬಂದದ್ದು 'ಸ್ಪೋರ್ಟ್' ಅನ್ನೋ ಹೆಸರಿನಲ್ಲಿ, ಶೋಕಿಗೆ. ಕೆಲಸದ ಗಾಡಿಗೆ ಬೆಂಚೇ ಉಳೀತು.

6/10: ಸೂಜಿ ಚುಚ್ಚಿ ಅಳೆದ ಬೆನ್ನು

ಹಾಗಾದ್ರೆ ಒಳ್ಳೆ ಸೀಟು ಶೋಕಿಯಾ, ಅಗತ್ಯವಾ? ಇದಕ್ಕೆ ಉತ್ತರ ಬಹಳಷ್ಟು ಬಂದದ್ದು ಸ್ವೀಡನ್ನಿನಿಂದ.

1948ರಲ್ಲಿ ಬೆಂಗ್ಟ್ ಓಕರ್‌ಬ್ಲೂಮ್ ಅನ್ನೋ ವೈದ್ಯರು ಮನುಷ್ಯ ನಿಲ್ಲೋದು, ಕೂರೋದು ಹೇಗೆ ಅನ್ನೋದನ್ನೇ ಅಧ್ಯಯನ ಮಾಡಿ ಪುಸ್ತಕ ಬರೆದ್ರು. ಸೊಂಟದ ಹತ್ತಿರ ಬೆನ್ನಿಗೆ ಆಸರೆ ಬೇಕು ಅಂತ ಅವರ ವಾದ. 1960ರ ದಶಕದಲ್ಲಿ ಆಲ್ಫ್ ನಾಕೆಮ್ಸನ್ ಅನ್ನೋ ಮೂಳೆ ತಜ್ಞರು ಇನ್ನೂ ಮುಂದೆ ಹೋದ್ರು. ಒಪ್ಪಿದ ಜನರ ಬೆನ್ನುಮೂಳೆಯ ಡಿಸ್ಕಿಗೇ ಸೂಜಿ ಇಳಿಸಿ ಒಳಗಿನ ಒತ್ತಡ ಅಳೆದ್ರು! ಒರಗದೆ ಕೂತಾಗ ಒತ್ತಡ ನಿಂತಾಗಿನದಕ್ಕಿಂತ ಜಾಸ್ತಿ ಅಂತ ಅವರ ಅಳತೆ ಹೇಳ್ತು. ಆ ಹೋಲಿಕೆಗೆ 1990ರ ದಶಕದ ಹೊಸ ಅಳತೆಗಳಿಂದ ತಕರಾರು ಬಂತು. ಆದ್ರೆ ಹಿಂದಕ್ಕೆ ಒರಗಿದ್ರೆ ಒತ್ತಡ ಇಳಿಯುತ್ತೆ ಅನ್ನೋ ಮಾತು ಗಟ್ಟಿಯಾಗಿ ನಿಂತಿತು. ಪಿಕಪ್ಪಿನ ಹಿಂದಿನ ಟ್ಯಾಂಕು ನೆನಪಾಯ್ತಾ? ಬೆನ್ನಿಗೆ ಬೇಕಾಗಿದ್ದ ಕೋನವನ್ನೇ ಅದು ತಡೆದು ನಿಂತಿತ್ತು.

1975ರಲ್ಲಿ ಅಮೆರಿಕಾದ ಸಂಶೋಧಕಿ ಜೆನಿಫರ್ ಕೆಲ್ಸಿ ಕನೆಕ್ಟಿಕಟ್ ರಾಜ್ಯದಲ್ಲಿ ಮಾಡಿದ ಅಧ್ಯಯನ ಪ್ರಕಟವಾಯ್ತು. ಕೆಲಸದ ಹೊತ್ತಿನಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಮಯ ಗಾಡಿ ಓಡಿಸೋ ಗಂಡಸರಿಗೆ ಸೊಂಟದ ಡಿಸ್ಕ್ ಜಾರೋ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು. ಟ್ರಕ್ ಡ್ರೈವರುಗಳಿಗೆ ಹೆಚ್ಚುಕಮ್ಮಿ ಐದು ಪಟ್ಟು.

ಈ ಜ್ಞಾನ ಮೊದಲು ಇಳಿದದ್ದು ಎಲ್ಲಿಗೆ? ಕಾರುಗಳಿಗೆ. ವೋಲ್ವೋ ತನ್ನ 1965ರ ಅಮೆಜಾನ್ ಕಾರಿನಲ್ಲಿ ಸೊಂಟದ ಆಸರೆಯನ್ನ ಬೇಕಾದಷ್ಟು ಹೊಂದಿಸಿಕೊಳ್ಳೋ ಸೀಟು ಕೊಟ್ಟಿತು. ಜರ್ಮನಿಯ ರೆಕಾರೋ ಕಂಪನಿದು ಇನ್ನೊಂದು ದಾರಿ. 1906ರಲ್ಲಿ ವಿಲ್ಹೆಲ್ಮ್ ರಾಯ್ಟರ್ ಅನ್ನೋ ಜೀನುಗಾರ, ಅಂದ್ರೆ ಕುದುರೆ ಜೀನು ಹೊಲಿಯೋ ಕಸುಬಿನವರು, ಸ್ಟುಟ್‌ಗಾರ್ಟ್‌ನಲ್ಲಿ ಶುರು ಮಾಡಿದ ಬಾಡಿ ಕಾರ್ಖಾನೆ ಅದರ ಬೇರು. ಮುಂದೆ ಅವರು ಪೋರ್ಷೆಗೆ ಬಾಡಿ ಕಟ್ಟಿಕೊಟ್ರು. 1963ರಲ್ಲಿ ಆ ಬಾಡಿ ಕೆಲಸವನ್ನ ಪೋರ್ಷೆಯೇ ಕೊಂಡಾಗ, ಉಳಿದವರು ಹೊಸ ಹೆಸರಿನಲ್ಲಿ ಬರೀ ಸೀಟಿಗೆ ನಿಂತ್ರು. 1965ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅವರ ಸ್ಪೋರ್ಟ್ ಸೀಟು ಬಂತು. ಸೀಟನ್ನೇ ಒಂದು ಬಿಡಿ ಸಾಮಾನಾಗಿ, ಹೆಸರಿಟ್ಟು ಮಾರಬಹುದು ಅಂತ ತೋರಿಸಿದವರಲ್ಲಿ ಇವರು ಮುಖ್ಯರು. ಪಿಕಪ್ ಮಾಲೀಕರು ಮುಂದೆ ಕೊಂಡದ್ದು ಇದೇ ಬಗೆಯ ಸೀಟುಗಳನ್ನ.

ಕುದುರೆ ಸವಾರನ ಬೆನ್ನು ಬಲ್ಲ ಕಸುಬಿನಿಂದ ಗಾಡಿಯ ಸೀಟು ಬಂತು ಅನ್ನೋದು ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ.

7/10: ಕೋಳಿಗಾಗಿ ಹಾಕಿದ ಸೀಟು

ಸ್ವಲ್ಪ ನಗೋಣ.

1960ರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳು ಅಮೆರಿಕಾದ ಅಗ್ಗದ ಕೋಳಿ ಮಾಂಸಕ್ಕೆ ಜೋರು ಸುಂಕ ಹಾಕಿದ್ವು. ಸಿಟ್ಟಿಗೆದ್ದ ಅಮೆರಿಕಾ 1964ರಿಂದ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹೇರಿತು. ಅದಕ್ಕೆ ಇವತ್ತಿಗೂ 'ಚಿಕನ್ ಟ್ಯಾಕ್ಸ್' ಅಂತಲೇ ಹೆಸರು. ಕಾರುಗಳಿಗೆ ಮಾತ್ರ ಆಗ ಸುಂಕ ತೀರಾ ಕಮ್ಮಿ ಇತ್ತು.

ಜಪಾನಿನ ಸುಬಾರು ಕಂಪನಿ ಒಂದು ಉಪಾಯ ಹುಡುಕ್ತು. 1978ರಲ್ಲಿ ಅಮೆರಿಕಾಕ್ಕೆ ಕಳಿಸಿದ 'ಬ್ರಾಟ್' ಅನ್ನೋ ಪುಟ್ಟ ಪಿಕಪ್ಪಿನ ಹಿಂದಿನ ಪೆಟ್ಟಿಗೆಯಲ್ಲೇ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿತು. ಹಿಂದಕ್ಕೆ ಮುಖಮಾಡಿದವು, ಹಿಡ್ಕೊಳ್ಳೋಕೆ ಹಿಡಿಕೆ ಇದ್ದವು, ಬಿಸಿಲು ಮಳೆಗೆ ತೆರೆದವು! ಹಿಂದೆ ಸೀಟಿದೆ, ಹಾಗಾಗಿ ಇದು ಜನ ಕೂರೋ ಕಾರು, ಟ್ರಕ್ಕಲ್ಲ ಅನ್ನೋ ವಾದ. ನಡೀತು ಕೂಡ. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ತಮ್ಮ ಕ್ಯಾಲಿಫೋರ್ನಿಯಾ ತೋಟದಲ್ಲಿ ಒಂದು ಬ್ರಾಟ್ ಇಟ್ಕೊಂಡಿದ್ರು.

ತಮಾಷೆ ಸರಿ. ಆದ್ರೆ ಯೋಚನೆ ಮಾಡಿ. ಸುಂಕ ಉಳಿಸೋದು ಇದ್ದಾಗ ಎರಡು ಹೊಸ ಸೀಟು ಹಾಕೋಕೆ ದಾರಿ ಸಿಕ್ಕಿತು. ಸೀಟು ಹಾಕೋದು ಅಂಥ ಕಷ್ಟದ ಕೆಲಸ ಯಾವತ್ತೂ ಆಗಿರಲಿಲ್ಲ. ಅದರಿಂದ ಯಾರಿಗೆ ಲಾಭ ಅನ್ನೋದೇ ಪ್ರಶ್ನೆ.

8/10: 22 ವರ್ಷ ತಡವಾದ ಕತ್ತು

ಈಗ ನಗು ಬರದ ಲೆಕ್ಕ.

ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿದಾಗ ತಲೆ ಹಿಂದಕ್ಕೆ ಎಸೆದ ಹಾಗೆ ಹೋಗುತ್ತೆ, ಕತ್ತು ಉಳುಕುತ್ತೆ. ಅದನ್ನ ತಡೆಯೋಕೆ ಹೆಡ್‌ರೆಸ್ಟ್. ಅದು ತಲೆ ಇಟ್ಟು ನಿದ್ದೆ ಮಾಡೋಕೆ ಇರೋ ದಿಂಬಲ್ಲ. ಅಮೆರಿಕಾ ಸರ್ಕಾರ ಹೊಸ ಕಾರುಗಳ ಮುಂದಿನ ಸೀಟಿಗೆ ಇದನ್ನ ಕಡ್ಡಾಯ ಮಾಡಿದ್ದು 1969ರ ಜನವರಿಯಿಂದ. ಪಿಕಪ್ ಮುಂತಾದ ಸಣ್ಣ ಟ್ರಕ್ಕುಗಳಿಗೆ? 1991ರ ಸೆಪ್ಟೆಂಬರಿನಿಂದ.

22 ವರ್ಷ. ಕಾರಿನಲ್ಲಿ ಕೂತವನ ಕತ್ತಿಗೂ ಪಿಕಪ್ಪಿನಲ್ಲಿ ಕೂತವನ ಕತ್ತಿಗೂ ನಡುವೆ. ಅದೂ ಪಿಕಪ್ಪಿನಲ್ಲಿ ತಲೆಯ ಹಿಂದೆ ಒಂದು ಗೇಣು ದೂರದಲ್ಲೇ ಗಾಜು!

ಆ 22 ವರ್ಷದಲ್ಲಿ ತಗ್ಗು ಬೆಂಚನ್ನ ತೆಗೆದು, ತಲೆವರೆಗೆ ಎತ್ತರ ಇರೋ ಬಕೆಟ್ ಸೀಟು ಹಾಕಿಸ್ಕೊಂಡ ಮಾಲೀಕನನ್ನ ನೋಡಿ ಅಕ್ಕಪಕ್ಕದವರು ಶೋಕಿಲಾಲ ಅಂದಿರಬಹುದು. ಕಾರಿನವರಿಗೆ ಕಾನೂನೇ ಕೊಟ್ಟದ್ದನ್ನ ಅವನು ಜೇಬಿನಿಂದ ಕೊಂಡಿದ್ದ.

ಹಾಗಂತ ಹೊರಗಿನ ಸೀಟೆಲ್ಲ ಸುರಕ್ಷಿತ ಅಂತಲ್ಲ. ಸೀಟು ನೆಲಕ್ಕೆ ಎಷ್ಟು ಗಟ್ಟಿಯಾಗಿ ಕಚ್ಚಿರಬೇಕು ಅಂತ ಅಮೆರಿಕಾದಲ್ಲಿ 1968ರಿಂದ ಒಂದು ನಿಯಮ ಇದೆ: ಸೀಟಿನ ತೂಕದ 20 ಪಟ್ಟು ಬಲ ಎಳೆದ್ರೂ ಬೋಲ್ಟು ಕಿತ್ತು ಬರಬಾರದು. ಗುಜರಿ ಸೀಟಿಗೆ ಮನೇಲೇ ಬೆಸುಗೆ ಹಾಕಿದ ಕಾಲು ಅಷ್ಟು ತಡೆಯುತ್ತಾ? ತಗಡಿನ ನೆಲಕ್ಕೆ ಸುಮ್ನೆ ತೂತು ಕೊರೆದು ಬೋಲ್ಟ್ ಹಾಕಿದ್ರೆ, ಗುದ್ದಿದ ಹೊತ್ತಿಗೆ ತಗಡು ಸಮೇತ ಸೀಟು ಎದ್ದು ಬರುತ್ತೆ. ಅದಕ್ಕೇ ಒಳ್ಳೆ ಕಂಪನಿಗಳು ಒಂದೊಂದು ಗಾಡಿಗೂ ಬೇರೆ ಬೇರೆ ಬ್ರಾಕೆಟ್ ಮಾಡಿ, ಗಾಡಿಯ ಮೂಲ ಬೋಲ್ಟ್ ತೂತುಗಳಿಗೇ ಕೂರೋ ಹಾಗೆ ಕೊಡ್ತವೆ.

ಈಗಿನ ಗಾಡಿಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಎಷ್ಟೋ ಸೀಟುಗಳ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತೆ, ಕುಶನ್ ಒಳಗೆ ಯಾರೋ ಕೂತಿದ್ದಾರೆ ಅಂತ ತಿಳಿಯೋ ಸೆನ್ಸರ್ ಇರುತ್ತೆ, ಸೀಟ್‌ಬೆಲ್ಟಿನ ಬಕಲ್ ಸೀಟಿಗೇ ಅಂಟಿರುತ್ತೆ. ಸೀಟು ಬದಲಿಸಿದ್ರೆ ಅದೆಲ್ಲವೂ ಹೋಗುತ್ತೆ. ಬೆನ್ನು ಉಳಿಸೋಕೆ ಹೋಗಿ ಜೀವಕ್ಕೆ ಕುತ್ತು ತರೋದು ಬುದ್ಧಿವಂತಿಕೆ ಅಲ್ಲ.

9/10: ನಮ್ಮ ರಸ್ತೆಗೆ ಬರೋಣ

ಹೈವೇಯಲ್ಲಿ ಒಂದು ದೃಶ್ಯ ನೀವೂ ನೋಡಿರ್ತೀರಿ. ಕ್ಯಾಬಿನ್ನೇ ಇಲ್ಲದ ಲಾರಿ ಚಾಸಿಸ್ಸು, ಅದರ ಮೇಲೆ ಮುಖಕ್ಕೆ ಟವಲ್ ಸುತ್ಕೊಂಡು ಕೂತ ಡ್ರೈವರು, ಗಾಳಿ ಧೂಳು ಎಲ್ಲ ಎದೆಗೇ. ನಮ್ಮಲ್ಲಿ ಬಹುಕಾಲ ಲಾರಿಗಳು ಕಾರ್ಖಾನೆಯಿಂದ ಹೊರಟದ್ದೇ ಹೀಗೆ. ಕ್ಯಾಬಿನ್ನು, ಸೀಟು ಎಲ್ಲ ಬಾಡಿ ಕಟ್ಟೋ ವರ್ಕ್‌ಶಾಪಿನಲ್ಲಿ. ಮರದ ಪೆಟ್ಟಿಗೆ, ಅದರ ಮೇಲೆ ಹಾಸು, ಅದಕ್ಕೆ ರೆಕ್ಸಿನ್. 1917ರ ಮಾಡೆಲ್ ಟಿಟಿ ಕಥೆಯೇ.

2005ರಲ್ಲಿ ಟಾಟಾ ಏಸ್ ಬಂತು. ಊರ ಸಂತೆಗೆ ಟೊಮೆಟೊ, ಮನೆ ಬದಲಿಸೋರ ಬೀರು, ಗಣೇಶನ ಮೆರವಣಿಗೆ, ಎಲ್ಲಕ್ಕೂ ಅದೇ. ಪುಟ್ಟ ಗಾಡಿ, ಇಕ್ಕಟ್ಟು ರಸ್ತೇಲೂ ನುಗ್ಗಬೇಕು, ಹಾಗಾಗಿ ಎಂಜಿನ್ನನ್ನ ಸೀಟಿನ ಕೆಳಗೇ ಇಟ್ರು. ನೂರು ವರ್ಷದ ಹಿಂದೆ ಟ್ಯಾಂಕಿನ ಮೇಲೆ, ಈಗ ಎಂಜಿನ್ ಮೇಲೆ.

ನಮ್ಮ ಡ್ರೈವರುಗಳ ಆಫ್ಟರ್‌ಮಾರ್ಕೆಟ್ ಯಾವುದು ಹಾಗಾದ್ರೆ? ಮಡಿಚಿದ ಟವಲ್. ಸೊಂಟದ ಹಿಂದೆ ಸಿಕ್ಕಿಸಿದ ಹಳೇ ದಿಂಬು. ಬೆವರಿಗೆ ಗಾಳಿಯಾಡೋಕೆ ಮರದ ಮಣಿಗಳ ಸೀಟ್ ಕವರ್. ಸ್ವಲ್ಪ ದುಡ್ಡಿದ್ರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊಸ ಫೋಮು, ಹೊಸ ರೆಕ್ಸಿನ್. ಟಿಹುವಾನಾದ ಹೊಲಿಗೆಯವರಿಗೂ ನಮ್ಮ ಸೀಟ್ ಕವರ್ ಅಂಗಡಿಯ ಹೊಲಿಗೆಯವರಿಗೂ ಭಾಷೆ ಬೇರೆ, ಕೈಕೆಲಸ ಒಂದೇ.

ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಮೆರಿಕಾದ ಈ ಇಡೀ ಕಥೆಯಲ್ಲಿ ಸೀಟು ಬದಲಿಸಿದವನು ಬಹುಪಾಲು ಗಾಡಿಯ ಮಾಲೀಕ. ನೋವು ಅವನ ಬೆನ್ನಿಗೆ, ದುಡ್ಡು ಅವನ ಜೇಬಿಂದ, ತೀರ್ಮಾನವೂ ಅವನದೇ. ನಮ್ಮಲ್ಲಿ ಸಾಲ ಮಾಡಿ ತಗೊಂಡು ತಾನೇ ಓಡಿಸೋರು ಇದ್ದಾರೆ ನಿಜ. ಆದ್ರೆ ಎಷ್ಟೋ ಪಿಕಪ್ಪುಗಳಲ್ಲಿ ಓಡಿಸೋನು ಒಬ್ಬ, ಓನರ್ ಇನ್ನೊಬ್ಬ. ಓನರ್ ಆ ಸೀಟಲ್ಲಿ ಕೂರೋದೇ ಇಲ್ಲ. ಟೈರ್ ಸವೆದ್ರೆ ಅವರಿಗೆ ಕಾಣುತ್ತೆ. ಡ್ರೈವರ್ ಸೊಂಟ ಸವೆದ್ರೆ ಕಾಣಲ್ಲ. ಬೇರೆಯವರ ಗಾಡಿಯ ಸೀಟಿಗೆ ಡ್ರೈವರ್ ತನ್ನ ಸಂಬಳ ಯಾಕೆ ಹಾಕ್ತಾನೆ?

ಇಂಥ ಕಡೆ ಕಾನೂನೇ ಬರಬೇಕಾಗುತ್ತೆ. ಯುರೋಪಿನಲ್ಲಿ 2002ರ ಒಂದು ನಿರ್ದೇಶನ, ಕೆಲಸಗಾರನ ಇಡೀ ದೇಹಕ್ಕೆ ಎಂಟು ಗಂಟೆಯ ದಿನದಲ್ಲಿ ಎಷ್ಟು ಕಂಪನ ತಾಗಬಹುದು ಅಂತ ಮಿತಿ ಹಾಕಿದೆ. ಅದನ್ನ ಪಾಲಿಸೋ ಹೊಣೆ ಕೆಲಸ ಕೊಟ್ಟವರದು. ನಮ್ಮಲ್ಲೂ ಒಂದು ಹೆಜ್ಜೆ ಆಗಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗೋ ಎನ್2, ಎನ್3 ವರ್ಗದ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಖುಷಿಯ ವಿಷಯ. ಆದ್ರೆ ಆ ವರ್ಗಗಳು ಶುರುವಾಗೋದು ಒಟ್ಟು ತೂಕ 3.5 ಟನ್ ದಾಟಿದ ಮೇಲೆ. ನಮ್ಮ ಊರಿನ ಸಣ್ಣ ಪಿಕಪ್ಪುಗಳೆಲ್ಲ ಅದಕ್ಕಿಂತ ಕೆಳಗಿನ ಎನ್1. ಇಲ್ಲೂ ಪಿಕಪ್ಪಿನ ಸರದಿ ಆಮೇಲೆ.

10/10: ಹಾಗಾದ್ರೆ ನಿಮ್ಮ ಮನೆ ಗಾಡಿಗೆ?

ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಮಾವ, ಅಣ್ಣ ಪಿಕಪ್ ಓಡಿಸ್ತಾರೆ ಅಂತ ಗೊತ್ತು. ಅದಕ್ಕೇ ಕೊನೆಗೆ ಕೆಲಸಕ್ಕೆ ಬರೋ ನಾಲ್ಕು ಮಾತು. ಇದನ್ನ ಸೇವ್ ಮಾಡ್ಕೊಳ್ಳಿ.

ಒಂದು. ಅಂಗಡೀಲಿ ಐದು ನಿಮಿಷ ಕೂತು ಮೆತ್ತಗಿದೆ ಅಂತ ತಗೋಬೇಡಿ. ಮೆತ್ತನೆ ಫೋಮು ಎರಡು ಗಂಟೆಯಲ್ಲಿ ಕುಸಿದು ಕೆಳಗಿನ ತಗಡು ತಾಗುತ್ತೆ. ಅಂಗಡಿಯವರು 32, 40 ಡೆನ್ಸಿಟಿ ಅಂತಾರಲ್ಲ, ಸಾಮಾನ್ಯವಾಗಿ ನಂಬರ್ ಜಾಸ್ತಿಯಾದಷ್ಟು ಫೋಮು ಹೆಚ್ಚು ಕಾಲ ಬಾಳುತ್ತೆ. ಬರೀ ಕವರ್ ಹೊಸದು ಹಾಕಿಸಿದ್ರೆ ಕಣ್ಣಿಗೆ ಚೆಂದ, ಬೆನ್ನಿಗೆ ಏನೂ ಬದಲಾಗಲ್ಲ.

ಎರಡು. ಬೆನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಕೂತಾಗ ಮೊಣಕಾಲಿನ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಕಡಿಮೆ ಇದ್ರೆ ಕಾಲು ಜೋಮು ಹಿಡಿಯುತ್ತೆ, ತುಂಬಾ ಜಾಸ್ತಿ ಇದ್ರೆ ತೊಡೆಗೆ ಆಸರೆ ಇಲ್ಲ. ಸೊಂಟದ ಬಾಗಿಗೆ ಸರಿಯಾಗಿ ಉಬ್ಬು ಸಿಗಬೇಕು. ಇನ್ನೂ ಏನೂ ಕೊಳ್ಳೋಕೆ ಆಗದಿದ್ರೆ, ಆ ಜಾಗಕ್ಕೆ ಸುತ್ತಿದ ಟವಲ್ ಇಟ್ಟು ನೋಡಿ. ಡ್ರೈವರುಗಳು ಅದನ್ನ ಯಾವ ಸಂಶೋಧನೆ ಓದಿಯೂ ಕಲಿತದ್ದಲ್ಲ.

ಮೂರು. ಪೂರ್ತಿ ಸೀಟು ಬದಲಿಸೋದಾದ್ರೆ ಗಾಡಿಯ ಮೂಲ ಬೋಲ್ಟ್ ಜಾಗಕ್ಕೇ ಕೂರೋ ಬ್ರಾಕೆಟ್ ಕೇಳಿ. ಸೀಟ್‌ಬೆಲ್ಟ್ ಬಕಲ್ ಎಲ್ಲಿಗೆ ಬರುತ್ತೆ, ಹೆಡ್‌ರೆಸ್ಟ್ ತಲೆಯ ಮಟ್ಟಕ್ಕೆ ಬರುತ್ತಾ ನೋಡಿ. ಹೊಸ ಸೀಟಿನಿಂದ ಕೂರೋ ಎತ್ತರ ಬದಲಾದ್ರೆ ಕನ್ನಡಿ, ಕ್ಲಚ್ಚು, ಸ್ಟೀರಿಂಗ್ ಎಲ್ಲದರ ಅಂದಾಜೂ ಬದಲಾಗುತ್ತೆ. ಸೀಟಲ್ಲಿ ಏರ್‌ಬ್ಯಾಗ್ ಇದ್ರೆ ಮುಟ್ಟಬೇಡಿ.

ನಾಲ್ಕು. ಎಷ್ಟು ಜನ ಕೂರಬಹುದು ಅನ್ನೋದು ಆರ್‌ಸಿಯಲ್ಲಿ ಬರೆದಿರುತ್ತೆ. ಅದನ್ನ ಹೆಚ್ಚಿಸೋ ಕೆಲಸಕ್ಕೆ ಕೈ ಹಾಕಬೇಡಿ. ಬೇರೆ ಬದಲಾವಣೆಗೂ ಮೊದಲು ಆರ್‌ಟಿಓದಲ್ಲೊಂದು, ಇನ್ಶೂರೆನ್ಸ್‌ನವರ ಹತ್ತಿರ ಒಂದು ಮಾತು ಕೇಳಿ.

ಇನ್ನು ನಿಮಗೆ ಒಂದು ಹೋಮ್‌ವರ್ಕ್. ಈ ವಾರ ಯಾವುದಾದ್ರೂ ಪಿಕಪ್ ಡ್ರೈವರ್ ಅಣ್ಣನ್ನ ಮಾತಾಡಿಸಿ. ಗಾಡಿ ಹೇಗಿದೆ ಅಂತ ಎಲ್ಲರೂ ಕೇಳ್ತಾರೆ. ನೀವು ಸೀಟ್ ಹೇಗಿದೆ ಅಣ್ಣ, ಸೊಂಟ ಹೇಗಿದೆ ಅಂತ ಕೇಳಿ. ಕೂತ್ಕೊಳ್ಳೋಕೆ ಅವರೇ ಏನು ಉಪಾಯ ಮಾಡ್ಕೊಂಡಿದ್ದಾರೆ, ಅದಕ್ಕೆ ದುಡ್ಡು ಕೊಟ್ಟದ್ದು ಯಾರು ಅಂತಲೂ ಕೇಳಿ. ಅವರು ಒಪ್ಪಿದ್ರೆ ಸೀಟಿನ ಫೋಟೋ ಮಾತ್ರ ತೆಗೆದು ಕಳಿಸಿ. ಹೆಸರು, ಗಾಡಿ ನಂಬರ್ ಬೇಡ. ಬಂದದ್ದನ್ನೆಲ್ಲ ಸೇರಿಸಿ ಮುಂದಿನ ಸರಣಿ ಮಾಡೋಣ, ನಮ್ಮ ಸೀಟುಗಳ ಇತಿಹಾಸ ಇನ್ನೂ ಯಾರೂ ಸರಿಯಾಗಿ ಕೂತು ಬರೆದಿಲ್ಲ.

#ಪಿಕಪ್ #ಸೀಟಿನಕಥೆ #ವಾಹನಇತಿಹಾಸ #ಡ್ರೈವರ್‌ಅಣ್ಣ #ಕನ್ನಡದಲ್ಲಿಇತಿಹಾಸ